ಮುನಿಸಿಕೊಂಡ ಬೆರಳು

ನನ್ನ ಬಲಗೈಯ ನಡುಬೆರಳಿಗೂ ನನಗೂ 2016ರಿಂದ ಮಾತಿಲ್ಲ. ಉಳಿದ ಲೋಕದೊಡನೆ ಅದರ ವ್ಯವಹಾರ ಸರಾಗವಾಗಿಯೇ ನಡೆದಿದೆ. ಸಾರನ್ನ ಕಲಸುತ್ತದೆ, ಅಂಗಿಯ ಗುಂಡಿ ಹಾಕುತ್ತದೆ, ಬಾಗಿಲ ಚಿಲಕ ತೆಗೆಯುತ್ತದೆ, ಇದನ್ನು ಬರೆಯುವಾಗ ಲೇಖನಿಗೆ ತಕ್ಕ ಒತ್ತಾಸೆಯನ್ನೂ ಕೊಡುತ್ತಿದೆ. ನೋವಿಲ್ಲ, ಊತವಿಲ್ಲ, ಜೋಮಿಲ್ಲ. ಆದರೆ ವೀಣೆಯ ಮುಂದೆ ಕುಳಿತು ಸಾರಣಿಯ ಮೇಲೆ ಕೈಯಿಟ್ಟೆನೆಂದರೆ ತೀರಿತು. ಸಾಲಗಾರನನ್ನು ಕಂಡ ಯಜಮಾನನ ಹಾಗೆ ಮೆಲ್ಲಗೆ ಒಳಕ್ಕೆ ಸರಿದು ಅಂಗೈಯಲ್ಲಿ ಮುಖ ಮರೆಸಿಕೊಳ್ಳುತ್ತದೆ. ಕರೆದರೆ ಬರುವುದಿಲ್ಲ. ಗದರಿದರೆ ಇನ್ನೂ ಒಳಕ್ಕೆ ಹೋಗುತ್ತದೆ.

ವೀಣೆ ನುಡಿಸುವವರ ಎಡಗೈಯನ್ನು ಎಲ್ಲರೂ ನೋಡುತ್ತಾರೆ. 24 ಮೆಟ್ಟಿಲುಗಳ ಮೇಲೆ ಅದು ಹತ್ತಿಳಿಯುವುದೇನು, ತಂತಿಯನ್ನು ಪಕ್ಕಕ್ಕೆಳೆದು ಗಮಕ ಹಿಡಿಯುವುದೇನು! ಸಭಿಕರು ತಲೆದೂಗುವುದು ಅದಕ್ಕೆ. ಬಲಗೈ ಮದುವೆಮನೆಯ ಅಡಿಗೆಯವನ ಹಾಗೆ. ಊಟ ಚೆನ್ನಾಗಿರುವಷ್ಟು ಹೊತ್ತು ಯಾರಿಗೂ ಅವನ ನೆನಪಿರುವುದಿಲ್ಲ. ಆದರೆ ನಾದ ಹುಟ್ಟುವುದು ಅಲ್ಲಿಯೇ. ತೋರುಬೆರಳೂ ನಡುಬೆರಳೂ ಒಂದಾದ ಮೇಲೊಂದರಂತೆ ನಾಲ್ಕು ತಂತಿಗಳನ್ನು ಮೀಟಬೇಕು. ನಡುವೆ ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಸೋಕಬೇಕು. ಉಂಗುರದ ಬೆರಳಿಗೆ ಕೆಲಸವಿಲ್ಲ. ಸಂಸಾರದಲ್ಲಿ ಅಂಥ ಒಬ್ಬರಿರುತ್ತಾರೆ. ಜಗಳ ಹುಟ್ಟುವುದು ಬಹುಮಟ್ಟಿಗೆ ಅವರಿಂದಲೇ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ವೀಣೆಯ ಮುಂದೆ ಕುಳಿತದ್ದು 1966ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಮೈಸೂರಿನ ಅಗ್ರಹಾರದ ಒಂದು ನಡುಮನೆಯಲ್ಲಿ. ಶೇಷಣ್ಣನವರು ತೀರಿಕೊಂಡು ಆಗಲೇ ನಲವತ್ತು ವರ್ಷವಾಗಿದ್ದರೂ ಆ ಬೀದಿಗಳಲ್ಲಿ ಅವರು ಸತ್ತಿರಲಿಲ್ಲ. ಶೇಷಣ್ಣನವರ ಮೀಟು, ಸುಬ್ಬಣ್ಣನವರ ಮೀಟು, ವೆಂಕಟಗಿರಿಯಪ್ಪನವರ ಮೀಟು ಎಂದು ಹಿರಿಯರು ಕಾಫಿಯ ರುಚಿಯನ್ನು ಹೋಲಿಸುವಂತೆ ಹೋಲಿಸುತ್ತಿದ್ದರು. ದೊರೆಸ್ವಾಮಿ ಅಯ್ಯಂಗಾರ್ಯರು ನುಡಿಸುವುದನ್ನು ರೇಡಿಯೋದಲ್ಲಿ ಕೇಳಿ, ನಮ್ಮ ಮೇಷ್ಟ್ರು ಕಣ್ಣುಮುಚ್ಚಿ, “ಕೇಳು, ಒಂದೊಂದು ಮೀಟೂ ಮುತ್ತು ಕಟ್ಟಿದ ಹಾಗಿದೆ” ಎನ್ನುತ್ತಿದ್ದರು. ಮೈಸೂರಿನವರದು ಮೀಟಿನ ಬಾನಿ, ತಂಜಾವೂರಿನವರದು ಗಮಕದ ಬಾನಿ ಎಂದು ರೂಢಿಯ ಮಾತು. ಪಂಡಿತರು ಇದನ್ನು ಇಷ್ಟು ಸರಳವಾಗಿ ಒಪ್ಪಲಾರರು. ಆದರೆ ಒಂಬತ್ತು ವರ್ಷದ ಹುಡುಗನಿಗೆ ಪಂಡಿತರ ಗೊಡವೆಯೇನು? ಅವರು ತಂತಿ ಎಳೆಯುವವರು, ನಾವು ತಂತಿ ಮೀಟುವವರು, ಅಷ್ಟೆ. ಊರಭಿಮಾನವೆಲ್ಲ ನನಗೆ ಬಲಗೈಯ ಎರಡು ಬೆರಳಿನಲ್ಲಿ ಇಳಿದುಬಿಟ್ಟಿತು.

ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಹಗಲೆಲ್ಲ ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸುವುದು, ಸಂಜೆ ವೀಣೆ. ಎರಡಕ್ಕೂ ಅವೇ ಬೆರಳು. ವರ್ಷಕ್ಕೆ ನಾಲ್ಕಾರು ಕಛೇರಿ, ಆಗೊಮ್ಮೆ ಈಗೊಮ್ಮೆ ಆಕಾಶವಾಣಿ, ಮನೆಯಲ್ಲಿ ಏಳೆಂಟು ಜನ ಶಿಷ್ಯರು. ದೊಡ್ಡ ವಿದ್ವಾಂಸನಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ತಾನ ನುಡಿಸುವುದರಲ್ಲಿ ಮಾತ್ರ ನನಗೊಂದು ಹೆಸರಿತ್ತು. ನಾಟ, ಗೌಳ, ಆರಭಿ, ಶ್ರೀ, ವರಾಳಿ ಎಂಬ ಐದು ಘನರಾಗಗಳಲ್ಲಿ ಒಂದರ ಹಿಂದೊಂದು ತಾನ ಹಿಡಿದರೆ, ಪಕ್ಕವಾದ್ಯದವರು ಮೃದಂಗದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತು ಕೇಳುತ್ತಿದ್ದರು. ತೋರುಬೆರಳು, ನಡುಬೆರಳು, ತೋರುಬೆರಳು, ನಡುಬೆರಳು, ಒಮ್ಮೆ ಕಿರುಬೆರಳು. ಹದವಾಗಿ ಓಡುವ ಜೋಡೆತ್ತಿನ ಗಾಡಿಯಲ್ಲಿ ಕುಳಿತ ಸುಖ ಅದು.

ಎತ್ತು ಮುಗ್ಗರಿಸಿದ್ದು 2016ರ ಚಳಿಗಾಲದಲ್ಲಿ. ಆರಭಿಯ ತಾನದಲ್ಲಿ ಒಂದು ಮೀಟು ಬೀಳಲಿಲ್ಲ. ತಂತಿ ಇದ್ದಲ್ಲಿಯೇ ಇತ್ತು, ಬೆರಳು ಬರಲಿಲ್ಲ. ಉಗುರು ಸವೆದಿರಬೇಕೆಂದುಕೊಂಡೆ. ಮರುದಿನ ಎರಡು ಮೀಟು ಬೀಳಲಿಲ್ಲ. ಚಳಿಯಿರಬೇಕೆಂದುಕೊಂಡೆ. ಯುಗಾದಿಯ ಹೊತ್ತಿಗೆ ಬಿಸಿಲು ಬಂತು, ಉಗುರೂ ಬೆಳೆಯಿತು, ಬೆರಳು ಮಾತ್ರ ಪ್ರತಿ ಮೂರನೆಯ ಮೀಟಿಗೆ ಮಡಿಚಿಕೊಂಡು ಒಳಗೆ ಹೋಗತೊಡಗಿತು. ಅದರ ಜೊತೆಗೆ, ಕೆಲಸವಿಲ್ಲದ ಆ ಉಂಗುರದ ಬೆರಳೂ ಮಡಿಚಿಕೊಂಡಿತು. ಕಿರುಬೆರಳು ಇವರಿಬ್ಬರ ಸಹವಾಸ ಬೇಡವೆಂಬಂತೆ ಚಾಚಿಕೊಂಡು ದೂರ ನಿಂತಿತು.

ಆಗ ನಾನು ಮಾಡಿದ್ದು, ಯಾರಾದರೂ ಮಾಡುತ್ತಿದ್ದುದು: ಅಭ್ಯಾಸವನ್ನು ಹೆಚ್ಚಿಸಿದೆ. ಮೇಷ್ಟ್ರು ಹೇಳಿಕೊಟ್ಟಿದ್ದ ಒಂದೇ ಔಷಧ ಅದು. ಬೆಳಗಿನ ಜಾವ ನಾಲ್ಕಕ್ಕೆದ್ದು ಜಂಟಿವರಸೆಯನ್ನು ಮೂರು ಕಾಲದಲ್ಲಿ ನೂರು ನೂರು ಸಲ ನುಡಿಸಿದೆ. ಬೆರಳು ಹಟ ಮಾಡಿದರೆ ನಾನೂ ಹಟ ಮಾಡಿದೆ. ಹಾಡ್ತಾ ಹಾಡ್ತಾ ರಾಗ, ಉಗುಳ್ತಾ ಉಗುಳ್ತಾ ರೋಗ ಎಂದು ನಮ್ಮಲ್ಲಿ ಗಾದೆಯಿದೆಯಷ್ಟೆ. ರಾಗವೂ ರೋಗವೂ ಒಂದೇ ದಾರಿಯಲ್ಲಿ ಬರಬಹುದೆಂದು ಗಾದೆ ಕಟ್ಟಿದವರಿಗೂ ತಿಳಿದಿರಲಾರದು. ಮೂರು ತಿಂಗಳಲ್ಲಿ, ತಾನದಲ್ಲಿ ಮಾತ್ರ ಇದ್ದ ತೊಡಕು ವರ್ಣಕ್ಕೆ ಬಂತು, ವರ್ಣದಿಂದ ಕೃತಿಗೆ ಬಂತು.

ನೆಂಟರಿಷ್ಟರ ಸಲಹೆಗಳನ್ನು ಬರೆದರೆ ಅದೇ ಒಂದು ಪುರವಣಿಯಾದೀತು. ವಾತ ಎಂದರು, ಮಹಾನಾರಾಯಣ ತೈಲ ಹಚ್ಚಿದೆ. ನರದ ದೌರ್ಬಲ್ಯ ಎಂದರು. ಬಿ ಹನ್ನೆರಡರ ಮಾತ್ರೆ ನುಂಗಿದೆ. ನನ್ನ ಷಡ್ಡಕರು, “ಸರಸ್ವತಿಗೆ ಏನೋ ಅಪಚಾರವಾಗಿರಬೇಕು, ನೆನಪು ಮಾಡಿಕೊಳ್ಳಿ” ಎಂದರು. ನೆನಪು ಮಾಡಿಕೊಳ್ಳುತ್ತಾ ಹೋದರೆ ಅಪಚಾರಗಳಿಗೇನು ಕೊರತೆ? ನಿದ್ದೆಯೂ ಹೋಯಿತು.

ಅದಕ್ಕಿಂತ ಕೆಟ್ಟದ್ದು, ಮುಚ್ಚಿಡುವುದನ್ನು ಕಲಿತದ್ದು. ಕಛೇರಿಗೆ ಕರೆದರೆ ಊರಲ್ಲಿರುವುದಿಲ್ಲ ಎಂದೆ. ಶಿಷ್ಯರಿಗೆ ನುಡಿಸಿ ತೋರಿಸುವ ಬದಲು ಹಾಡಿ ತೋರಿಸತೊಡಗಿದೆ. ನನ್ನ ಗಂಟಲು ಎಂಥದೆಂದು ಬಲ್ಲ ಹೆಂಡತಿ ಒಳಗಿನಿಂದ ಒಮ್ಮೆ ಇಣುಕಿ ನೋಡಿ ಹೋದಳು. ಆದರೂ 2018ರ ರಾಮನವಮಿಗೆ ನಮ್ಮ ಬಡಾವಣೆಯ ಭಜನಮಂದಿರದವರು ಬಂದಾಗ ಇಲ್ಲವೆನ್ನಲಾಗಲಿಲ್ಲ. ಇಪ್ಪತ್ತೆರಡು ವರ್ಷ ಬಿಡದೆ ನುಡಿಸಿದ ಜಾಗ. ಪಾನಕ ಕೋಸಂಬರಿ ಕೊಡುವ ಹುಡುಗರೆಲ್ಲ ನನ್ನ ಕಣ್ಣೆದುರಿಗೆ ಬೆಳೆದವರು. ವರ್ಣವನ್ನು ಹೇಗೋ ದಾಟಿದೆ. ಎರಡು ಕೃತಿಗಳಲ್ಲಿ ಮೀಟುಗಳನ್ನು ಕದ್ದು, ತೋರುಬೆರಳೊಂದರಿಂದಲೇ ನಿಭಾಯಿಸಿದೆ. ಆಗ ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು, “ಘನರಾಗದ ತಾನ ಆಗಲಿ ಸ್ವಾಮಿ, ಅದಕ್ಕೇ ಬಂದಿದ್ದೇವೆ” ಎಂದರು. ನಾಟದಲ್ಲಿ ಹಿಡಿದೆ. ನಾಲ್ಕನೆಯ ಆವರ್ತನವೆನ್ನಬಹುದಾದ ಕಡೆ ನಡುಬೆರಳು ಮಡಿಚಿಕೊಂಡದ್ದು ಬಿಚ್ಚಲೇ ಇಲ್ಲ. ಉಗುರು ತಂತಿಗೆ ಅಡಿಯಿಂದ ಸಿಕ್ಕಿಕೊಂಡು, ಧ್ವನಿವರ್ಧಕದಲ್ಲಿ ಡಬ್ಬ ಬಿದ್ದಂಥ ಒಂದು ಸದ್ದಾಯಿತು. ಮೃದಂಗದವರು ತಾನಕ್ಕೆ ಇಲ್ಲದ ತಾಳವನ್ನು ಹಿಡಿದು ನನ್ನ ಮಾನ ಮುಚ್ಚಲು ನೋಡಿದರು. ನಾನು ಬಿರಡೆ ಜಾರಿತೆಂಬಂತೆ ನಟಿಸಿ ಶ್ರುತಿ ಸರಿಮಾಡುತ್ತಾ ಕುಳಿತೆ. ಶ್ರುತಿ ಸರಿಯಾಗಿಯೇ ಇತ್ತು. ಮಂಗಳ ನುಡಿಸಿ ಎದ್ದುಬಂದೆ. ಯಾರೂ ಏನೂ ಅನ್ನಲಿಲ್ಲ. ಪಾನಕದ ಹುಡುಗ ಎರಡು ಲೋಟ ಹೆಚ್ಚಾಗಿ ಕೊಟ್ಟ. ಅದೇ ಹೆಚ್ಚು ನೋವಾಯಿತು.

ಆಸ್ಪತ್ರೆಗಳ ಸುದ್ದಿಯನ್ನು ಬೇಗ ಮುಗಿಸುತ್ತೇನೆ. ಮೂಳೆಯವರು ಕತ್ತಿನ ಚಿತ್ರ ತೆಗೆಸಿದರು. ಅರವತ್ತು ದಾಟಿದವನ ಕತ್ತಿನಲ್ಲಿ ಸವೆತ ಕಾಣದಿರುತ್ತದೆಯೆ? ನರದ ಪರೀಕ್ಷೆ ಮಾಡಿದವರು ಕೈ ಚೆನ್ನಾಗಿದೆ ಎಂದು ಬರೆದುಕೊಟ್ಟರು. ಇನ್ನೊಬ್ಬರು, “ನಿವೃತ್ತಿಯಾಗಿದೆಯಲ್ಲ, ವೀಣೆ ಬಿಟ್ಟು ವಾಕಿಂಗ್ ಮಾಡಿ” ಎಂದರು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಯುವ ವೈದ್ಯೆ ಸಿಕ್ಕಿದರು, ಮಿದುಳು ನರಗಳ ತಜ್ಞೆ. ನನ್ನ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು, “ಮುಂದಿನ ಸಲ ವೀಣೆ ತನ್ನಿ ಸಾರ್” ಎಂದರು. ಎರಡು ವರ್ಷದಲ್ಲಿ ಹಾಗೆಂದವರು ಅವರೊಬ್ಬರೇ. ಗವಸು ಹಾಕಿದ ವೀಣೆಯನ್ನು ನಾನೂ ನನ್ನ ತಮ್ಮನ ಮಗನೂ ಆಟೋದಿಂದ ಇಳಿಸಿಕೊಳ್ಳುತ್ತಿದ್ದಾಗ ಕಾವಲುಗಾರ ಗಾಬರಿಯಿಂದ ಓಡಿಬಂದು, “ಸ್ಟ್ರೆಚರ್ ತರಲಾ? ಏನಾಗಿದೆ ಇವರಿಗೆ?” ಎಂದು ಕೇಳಿದ.

ಆಕೆ ನುಡಿಸಲು ಹೇಳಿ, ಎದುರಿಗೆ ನೆಲದ ಮೇಲೆಯೇ ಕುಳಿತು ನನ್ನ ಬಲಗೈಯನ್ನು ನೋಡಿದರು. ಜನ್ಮದಲ್ಲಿ ಮೊದಲ ಸಲ ಒಬ್ಬ ಶ್ರೋತೃ ಎಡಗೈ ಬಿಟ್ಟು ಬಲಗೈ ನೋಡಿದ್ದು! ಆಮೇಲೆ ಪೆಟ್ಟಿಗೆಯಿಂದ ತೆಳ್ಳನೆಯ ರಬ್ಬರು ಕೈಚೀಲ ತೆಗೆದು ತೊಡಿಸಿ, ಮತ್ತೆ ನುಡಿಸಿ ಎಂದರು. ಆಶ್ಚರ್ಯವೆಂದರೆ ಬೆರಳು ಬಿಚ್ಚಿಕೊಂಡಿತು. ಹತ್ತಿಪ್ಪತ್ತು ಮೀಟು ಸರಿಯಾಗಿ ಬಿತ್ತು. ಆಮೇಲೆ ಅದಕ್ಕೆ ಮೋಸ ತಿಳಿದುಹೋಯಿತೆಂದು ಕಾಣುತ್ತದೆ, ಮತ್ತೆ ಒಳಗೆ ಸೇರಿತು. “ಅಷ್ಟು ಸಾಕು. ಇದಕ್ಕೆ ಫೋಕಲ್ ಡಿಸ್ಟೋನಿಯ ಅಂತಾರೆ” ಎಂದರು.

ಆಕೆ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ದೋಷ ಬೆರಳಿನದಲ್ಲ. ಮಿದುಳಿನಲ್ಲಿ ಒಂದೊಂದು ಬೆರಳಿಗೂ ಅದರದರ ಜಾಗವಿದೆ, ಜಮೀನಿನ ಹಾಗೆ. ಹತ್ತಿರದ ಎರಡು ಬೆರಳುಗಳನ್ನು ವರ್ಷಗಟ್ಟಲೆ ಒಂದೇ ರೀತಿಯಲ್ಲಿ, ಬೇಗ ಬೇಗ ಆಡಿಸುತ್ತಾ ಬಂದರೆ ಕೆಲವರಲ್ಲಿ ನಡುವಣ ಬಾಂದುಕಲ್ಲು ಅಳಿಸಿಹೋಗುತ್ತದೆ. ಒಂದಕ್ಕೆ ಕಳಿಸಿದ ಅಪ್ಪಣೆ ಇನ್ನೊಂದಕ್ಕೂ ತಲುಪುತ್ತದೆ. ತೋರುಬೆರಳು ಮೀಟಲಿ ಎಂದರೆ ನಡುಬೆರಳೂ ಉಂಗುರದ ಬೆರಳೂ ಬಾಗುತ್ತವೆ. ಆ ಒಂದು ಕೆಲಸದಲ್ಲಿ ಮಾತ್ರ ಹೀಗೆ. ಬೇರೆ ಕೆಲಸದಲ್ಲಿ ಕೈ ಕೈಯಾಗಿಯೇ ಇರುತ್ತದೆ. ವೃತ್ತಿಯ ವಾದ್ಯಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುವುದೆಂದು ಅಂದಾಜು. ಸಾಮಾನ್ಯವಾಗಿ ಮೂವತ್ತು ನಲವತ್ತರ ಪ್ರಾಯದಲ್ಲಿ ಬರುತ್ತದಂತೆ. “ನಿಮಗೆ ತಡವಾಗಿ ಬಂದಿದೆ” ಎಂದರು, ಏನೋ ರಿಯಾಯಿತಿ ಸಿಕ್ಕಿದ ಹಾಗೆ. ಎಲ್ಲಕ್ಕೂ ಮಿಗಿಲಾಗಿ, “ದಯವಿಟ್ಟು ಅಭ್ಯಾಸ ಜಾಸ್ತಿ ಮಾಡಬೇಡಿ. ತಪ್ಪನ್ನು ನೂರು ಸಲ ಮಾಡಿದರೆ ಮಿದುಳು ತಪ್ಪನ್ನೇ ಕಲಿಯುತ್ತದೆ” ಎಂದರು. ಅಭ್ಯಾಸ ಮಾಡಬೇಡವೆಂಬ ಮಾತನ್ನು ಐವತ್ತು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಹಿಂದಿರುಗುವ ರೈಲಿನಲ್ಲಿ ನನಗೆ ದೊಡ್ಡಪ್ಪನ ನೆನಪಾಯಿತು. ಅವರು ತಂತಿ ಕಚೇರಿಯಲ್ಲಿದ್ದರು. ಆ ತಂತಿಯೇ 2013ರ ಜುಲೈನಲ್ಲಿ ನಿಂತುಹೋಯಿತು; ಈಗಿನ ಮಕ್ಕಳಿಗೆ ತಂತಿಯೆಂದರೆ ಬಟ್ಟೆ ಒಣಹಾಕುವುದು ಮಾತ್ರ. ಮೂವತ್ತು ವರ್ಷ ಮೋರ್ಸಿನ ಕಟ್ಟೆಯನ್ನು ಕುಟ್ಟಿದ ದೊಡ್ಡಪ್ಪನ ಕೈ ಕೊನೆಕೊನೆಗೆ ಚುಕ್ಕಿಗಳು ಬಂದಲ್ಲಿ ಹಿಡಿದುಕೊಂಡುಬಿಡುತ್ತಿತ್ತು. ಮನೆಗೆ ಬಂದು ಅದೇ ಕೈಯಲ್ಲಿ ಸೊಗಸಾಗಿ ತೆಂಗಿನಕಾಯಿ ತುರಿಯುತ್ತಿದ್ದರು. ಆದ್ದರಿಂದ ಕಚೇರಿಯಲ್ಲಿ ಅವರನ್ನು ಮೈಗಳ್ಳರೆಂದರು. ಮನೆಯಲ್ಲಿಯೂ, ನಾಚಿಕೆಯಿಂದ ಹೇಳುತ್ತೇನೆ, ನಾವು ಮಕ್ಕಳು ನಕ್ಕೆವು. ಈ ರೋಗ ತಂತಿಯವರಿಗೆ ಬರುತ್ತದೆಂದು ಬ್ರಿಟನ್ನಿನಲ್ಲಿ 1908ರಲ್ಲೇ ಕಾನೂನಿನ ಪಟ್ಟಿಗೆ ಸೇರಿಸಿ ಪರಿಹಾರಕ್ಕೆ ದಾರಿ ಮಾಡಿದ್ದರು. ದೊಡ್ಡಪ್ಪನಿಗೆ ಅದನ್ನು ಹೇಳುವವರಿರಲಿಲ್ಲ. ಅವರದೂ ತಂತಿಯ ಕೆಲಸ, ನನ್ನದೂ ತಂತಿಯ ಕೆಲಸ. ಮನೆತನದ ಆಸ್ತಿ ಹೀಗೂ ಇಳಿದುಬರುತ್ತದೆ.

ಪಾಶ್ಚಾತ್ಯರಲ್ಲಿ ಈ ಸಂಕಟ ಪಟ್ಟ ದೊಡ್ಡವರ ಕಥೆಗಳನ್ನೂ ಓದಿಕೊಂಡೆ. ಜರ್ಮನಿಯ ಷೂಮನ್ ಪಿಯಾನೋ ವಾದಕನಾಗಬೇಕೆಂದು ಹೊರಟು, ಇಪ್ಪತ್ತರ ಹರೆಯದಲ್ಲೇ ಬಲಗೈಯ ಬೆರಳು ಕೈಕೊಟ್ಟು, ಸಂಗೀತ ರಚನೆಗೆ ತಿರುಗಿದ. ಅಮೆರಿಕದ ಲಿಯಾನ್ ಫ್ಲೈಷರ್ 1960ರ ದಶಕದ ನಡುವಿನಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗ, ಬಲಗೈಯ ಕೊನೆಯ ಎರಡು ಬೆರಳು ಮಡಿಚಿಕೊಂಡುವು. ಮೂವತ್ತು ವರ್ಷ ಎಡಗೈಯೊಂದಕ್ಕೆಂದೇ ಬರೆದ ಕೃತಿಗಳನ್ನು ನುಡಿಸಿದ, ಶಿಷ್ಯರಿಗೆ ಕಲಿಸಿದ. ಕೊನೆಗೆ ಚಿಕಿತ್ಸೆಯ ಬಲದಿಂದ ಎರಡು ಕೈಯಿಂದಲೂ ನುಡಿಸಿ, 2004ರಲ್ಲಿ ‘ಎರಡು ಕೈಗಳು’ ಎಂಬರ್ಥದ ಹೆಸರಿಟ್ಟೇ ಧ್ವನಿಮುದ್ರಿಕೆ ತಂದ. ವೀಣೆಗೆ ಒಂಟಿ ಕೈಯ ಕೃತಿ ಯಾರೂ ಬರೆದಿಲ್ಲ. ಬರೆಯಲು ಬರುವುದೂ ಇಲ್ಲ. ಒಂದು ಕೈ ಸ್ವರ ಹಿಡಿಯಬೇಕು, ಇನ್ನೊಂದು ಅದಕ್ಕೆ ಉಸಿರು ಕೊಡಬೇಕು.

ಆ ಚಿಕಿತ್ಸೆಯನ್ನು ನನಗೂ ಮಾಡಿದರು. ಕೆಟ್ಟ ಡಬ್ಬಿ ಆಹಾರದಲ್ಲಿ ಹುಟ್ಟುವ ಒಂದು ಘೋರ ವಿಷವಿದೆಯಷ್ಟೆ, ಬೊಟುಲಿನಮ್. ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಮುಂಗೈಯ ಸ್ನಾಯುವಿಗೆ ಚುಚ್ಚುತ್ತಾರೆ. ಮುಖದ ನೆರಿಗೆ ಹೋಗಲೆಂದು ಸಿನಿಮಾದವರು ಚುಚ್ಚಿಸಿಕೊಳ್ಳುವುದೂ ಅದನ್ನೇ. ವಾರದ ಮೇಲೆ ಬೆರಳು ಮಡಿಚುವುದು ಕಡಮೆಯಾಯಿತು. ಆದರೆ ಮೀಟಿನಲ್ಲಿ ಕಸುವಿಲ್ಲ. ಬೆಂದ ಬೆಂಡೆಕಾಯಿಯಿಂದ ಮೀಟಿದಂತೆ. ಮೂರು ತಿಂಗಳಲ್ಲಿ ವಿಷವಿಳಿದು ಹಟವೇರಿತು. ಎರಡು ಸಲ ಚುಚ್ಚಿಸಿಕೊಂಡು ನಿಲ್ಲಿಸಿದೆ. ಕೆಲವರಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆಂದು ವೈದ್ಯೆ ಹೇಳಿದರು. ನನ್ನ ಮಾತಿನಿಂದ ಯಾರೂ ಧೈರ್ಯಗೆಡಬಾರದು. ಅದರ ಜೊತೆಗೆ ಇನ್ನೊಂದು ದಾರಿಯನ್ನೂ ತೋರಿಸಿದ್ದರು: ತೊಂದರೆ ಕೊಡುವ ಪಕ್ಕದ ಬೆರಳಿಗೆ ಸಣ್ಣ ಪಟ್ಟಿ ಕಟ್ಟಿ ಆಡದಂತೆ ಮಾಡಿ, ತೀರ ನಿಧಾನವಾಗಿ, ದಿನಕ್ಕೆ ಕೆಲವೇ ನಿಮಿಷ, ಬೆರಳಿಗೆ ಮೊದಲಿನಿಂದ ಪಾಠ ಹೇಳುವುದು. ಅದಕ್ಕೆ ವರ್ಷಗಳು ಬೇಕಾಗಬಹುದು ಎಂದರು. ನನಗೆ ಆಗ ತಾಳ್ಮೆಯಿರಲಿಲ್ಲ. ವೀಣೆಗೆ ಗವಸು ಹಾಕಿ ಗೋಡೆಗೆ ಒರಗಿಸಿದೆ. ಆಯುಧಪೂಜೆಯ ದಿನ ಮಾತ್ರ ಹೂವೇರಿಸಿ ಕೈಮುಗಿದೆ. ಹೀಗೆ ಮೂರು ವರ್ಷ.

2022ರಲ್ಲಿ ಅಮೆರಿಕದ ಉತ್ತರ ಕೆರೊಲಿನದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಶನಿವಾರ ಬೆಳಗ್ಗೆ ರೈತರ ಸಂತೆಗೆ ಅಳಿಯ ಕರೆದುಕೊಂಡು ಹೋದ. ಸಂತೆಯ ಮೂಲೆಯಲ್ಲಿ ಮರದಡಿ ಒಬ್ಬ ಮುದುಕ ಬ್ಯಾಂಜೊ ಬಾರಿಸುತ್ತಿದ್ದ. ನಮ್ಮೂರಿನಲ್ಲಿ ಬ್ಯಾಂಜೊ ಎಂದರೆ ಬೆರಳಚ್ಚು ಯಂತ್ರದ ಕೀಲಿಗಳಿರುವ ಬುಲ್‌ಬುಲ್ ತರಂಗ. 1912ರಲ್ಲಿ ಜಪಾನಿನಲ್ಲಿ ಹುಟ್ಟಿದ ವಾದ್ಯದ ಮೊಮ್ಮಗು. ಇದು ಅದಲ್ಲ. ಕಂಜಿರದಂಥ ದುಂಡು ಹೊದಿಕೆಗೆ ಉದ್ದನೆಯ ದಂಡಿ ಸಿಕ್ಕಿಸಿ ಐದು ತಂತಿ ಬಿಗಿದ ವಾದ್ಯ. ಐದನೆಯದು ಗಿಡ್ಡ ತಂತಿ, ದಂಡಿಯ ನಡುವಿನಿಂದ ಹೊರಡುತ್ತದೆ. ಹೆಬ್ಬೆರಳು ಅದನ್ನು ಆಗಾಗ್ಗೆ ಮೀಟುತ್ತಿರುತ್ತದೆ, ನಮ್ಮ ಕಿರುಬೆರಳು ತಾಳದ ತಂತಿಯನ್ನು ಮೀಟುವ ಹಾಗೆಯೇ. ನೋಡಿ ನಿಂತುಬಿಟ್ಟೆ. ಆಫ್ರಿಕದಿಂದ ಗುಲಾಮರಾಗಿ ಬಂದ ಜನ ತಮ್ಮ ನಾಡಿನ ಸೋರೆಬುರುಡೆಯ ವಾದ್ಯಗಳ ನೆನಪಿನಲ್ಲಿ ಕಟ್ಟಿಕೊಂಡದ್ದಂತೆ ಅದು. ಬುರುಡೆಯೆಂದ ಮೇಲೆ ವೀಣೆಗೆ ದೂರದ ನೆಂಟ ಎನ್ನಲು ಅಡ್ಡಿಯಿಲ್ಲ.

ಆದರೆ ನಾನು ನಿಂತದ್ದು ಅದಕ್ಕಲ್ಲ. ಅವನ ಬಲಗೈಯ ನಡುಬೆರಳಿಗೆ ಪಟ್ಟಿ ಸುತ್ತಿತ್ತು. ಹೆಬ್ಬೆರಳು, ತೋರುಬೆರಳು ಎರಡರಿಂದಲೇ ಅವನು ನುಡಿಸುತ್ತಿದ್ದ. ಹಾಡು ಮುಗಿಯುವವರೆಗೆ ಕಾದು, ಹತ್ತಿರ ಹೋಗಿ, ನನ್ನ ಬಲಗೈಯನ್ನು ಅವನ ಮುಖದೆದುರು ಹಿಡಿದು ನಡುಬೆರಳೊಂದನ್ನೇ ಎತ್ತಿ ತೋರಿಸಿದೆ. ಅಳಿಯ “ಮಾವಾ!” ಎಂದು ಕಿರಿಚಿ ನನ್ನ ಕೈ ಹಿಡಿದೆಳೆದ. ಆ ದೇಶದಲ್ಲಿ ನಡುಬೆರಳನ್ನು ಹಾಗೆ ಎತ್ತಿ ತೋರಿಸುವುದು ಬಾಯಲ್ಲಿ ಹೇಳಲಾಗದ ಬೈಗುಳವೆಂದು ನನಗೆ ಹೇಳಿದವರಾರು? ಮುದುಕ ಒಂದು ಗಳಿಗೆ ನನ್ನನ್ನು ದಿಟ್ಟಿಸಿದ. ನಾನು ಆ ಬೆರಳನ್ನು ಮೆಲ್ಲಗೆ ಮಡಿಚಿ, ಗಾಳಿಯಲ್ಲಿ ಮೀಟಿ ತೋರಿಸಿದೆ. ಅವನ ಮುಖ ಬದಲಾಯಿತು. ಪಟ್ಟಿ ಬಿಚ್ಚಿ ತನ್ನದನ್ನೂ ಎತ್ತಿ ತೋರಿಸಿದ. ಇಬ್ಬರು ಮುದುಕರು ಸಂತೆಯ ನಡುವೆ ನಿಂತು ಒಬ್ಬರಿಗೊಬ್ಬರು ಬೈಗುಳದ ಬೆರಳು ತೋರಿಸಿಕೊಂಡು ನಗುತ್ತಿದ್ದುದನ್ನು ಆ ಊರಿನವರು ಏನೆಂದು ತಿಳಿದರೋ!

ಅಳಿಯನನ್ನು ನಡುವೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆವು. ಅವನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಅದೇ ಸೀಮೆಯಲ್ಲಿ 1924ರಲ್ಲಿ ಹುಟ್ಟಿದ ಅರ್ಲ್ ಸ್ಕ್ರಗ್ಸ್ ಎಂಬ ಮಹಾವಾದಕ ಮೂರು ಬೆರಳಿನ ಮಿಂಚಿನ ವೇಗದ ಪದ್ಧತಿಯನ್ನು ದೇಶಕ್ಕೆಲ್ಲ ಹಬ್ಬಿಸಿದನಂತೆ. ಇವನು ನಲವತ್ತು ವರ್ಷ ನುಡಿಸಿದ್ದು ಅದನ್ನೇ. ಬೆರಳು ಕೆಟ್ಟಾಗ ಬ್ಯಾಂಜೊವನ್ನು ಮಂಚದ ಕೆಳಗೆ ತಳ್ಳಿ ನಾಲ್ಕು ವರ್ಷ ಮುಟ್ಟಲಿಲ್ಲ. ಆಮೇಲೆ ಒಂದು ದಿನ, ಸ್ಕ್ರಗ್ಸ್‌ಗೂ ಹಿಂದೆ, ತನ್ನ ತಾತ ಎರಡೇ ಬೆರಳಲ್ಲಿ ನುಡಿಸುತ್ತಿದ್ದುದು ನೆನಪಾಯಿತು. “ನಾನು ಕಳೆದುಕೊಂಡದ್ದು ಬ್ಯಾಂಜೊವನ್ನಲ್ಲ, ಒಂದು ಪದ್ಧತಿಯನ್ನು ಮಾತ್ರ” ಎಂದ. ಬಿಡುವಾಗ, “ನಿಮ್ಮ ವಾದ್ಯದಲ್ಲಿ ಹಳೆಯ ಪದ್ಧತಿ ಯಾವುದು?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ವಿಮಾನದಲ್ಲಿಯೂ ಅದೇ ಯೋಚನೆ.

ಮೈಸೂರಿಗೆ ಬಂದ ಮಾರನೆಯ ದಿನ ಗವಸು ಬಿಚ್ಚಿದೆ. ಮೂರು ತಂತಿ ತುಕ್ಕು ಹಿಡಿದಿತ್ತು. ಹೊಸ ತಂತಿ ಹಾಕಿಸಿ, ಉಂಗುರದ ಬೆರಳಿಗೂ ನಡುಬೆರಳಿಗೂ ಪಟ್ಟಿ ಕಟ್ಟಿ, ತೋರುಬೆರಳೊಂದರಿಂದ ಸರಳೆವರಸೆ ಶುರುಮಾಡಿದೆ. ಮೊದಲನೆಯ ಕಾಲ, ಅದೂ ನಿದ್ದೆ ಬರುವಷ್ಟು ನಿಧಾನ. ಹತ್ತು ನಿಮಿಷವಾದೊಡನೆ ನಿಲ್ಲಿಸುವುದು. ಅಡಿಗೆಮನೆಯ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡಿದ್ದೆ. ಎದುರುಮನೆಯ ಹುಡುಗಿಯೊಬ್ಬಳು ಆಗತಾನೇ ಸಂಗೀತಕ್ಕೆ ಸೇರಿ ಅದೇ ಸರಳೆಯನ್ನು ಹೇಳುತ್ತಿದ್ದಳು. ಆರು ತಿಂಗಳಲ್ಲಿ ಅವಳು ಗೀತೆಗೆ ಹೋದಳು. ನಾನು ಇನ್ನೂ ಸರಳೆಯಲ್ಲಿದ್ದೆ. ನಡುಬೆರಳಿನ ಪಟ್ಟಿ ಬಿಚ್ಚಿ, ದಿನಕ್ಕೆ ಇಪ್ಪತ್ತೇ ಮೀಟು ಅದಕ್ಕೆಂದು ಮೀಸಲಿಟ್ಟೆ. ಸರಿಯಾಗಿ ಬಿದ್ದರೆ ಸಂತೋಷ, ಮಡಿಚಿತೋ ಅಲ್ಲಿಗೆ ಆ ದಿನದ ಪಾಠ ಮುಗಿಯಿತು. ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ ಕೊಡದ ಮೇಲೆ ಬೇರೆ ಜಾಗದಲ್ಲಿ ಊರಿದರೆ ಬೆರಳು ಹಳೆಯ ಜಗಳವನ್ನು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲವೆಂಬುದನ್ನು ಕಂಡುಕೊಂಡೆ.

ಹಳೆಯ ಪದ್ಧತಿ ಯಾವುದೆಂಬುದಕ್ಕೆ ಉತ್ತರ ಬೇರೊಂದು ಕಡೆಯಿಂದ ಬಂತು. ಒಂದೇ ಬೆರಳಿನಲ್ಲಿ ಮೀಟುವವನಿಗೆ ಮೀಟುಗಳು ತುಟ್ಟಿ. ಹಿಂದೆ ಸ್ವರಕ್ಕೊಂದರಂತೆ ಚೆಲ್ಲುತ್ತಿದ್ದವನು ಈಗ ಒಂದು ಮೀಟಿನಲ್ಲಿ ಮೂರು ನಾಲ್ಕು ಸ್ವರ ಹೊರಡಿಸಬೇಕಾಯಿತು. ಅಂದರೆ ಎಡಗೈಯಿಂದ ತಂತಿಯನ್ನೆಳೆಯಬೇಕು, ನಾದ ಸಾಯುವ ಮುಂಚೆ ಅದನ್ನು ಮುಂದಿನ ಸ್ವರಕ್ಕೆ ದಾಟಿಸಬೇಕು. ಐವತ್ತು ವರ್ಷ ಮೈಸೂರಿನ ಮೀಟಿನ ಜಂಬದಲ್ಲಿದ್ದವನು ಅರವತ್ತೈದನೆಯ ವಯಸ್ಸಿನಲ್ಲಿ ತಂಜಾವೂರಿಗೆ ಪಕ್ಷಾಂತರ ಮಾಡಿದೆ. ಮೇಷ್ಟ್ರು ಇದ್ದಿದ್ದರೆ ಏನೆನ್ನುತ್ತಿದ್ದರೋ! ಭೈರವಿಯನ್ನು ಹೀಗೆ ನುಡಿಸುತ್ತಿದ್ದಾಗ ಗಾಂಧಾರದಲ್ಲಿ ನಾನು ಹಿಂದೆಂದೂ ಕೇಳದ ಒಂದು ಎಳೆ ಕೇಳಿಸಿತು. ಅದು ಮೊದಲಿನಿಂದಲೂ ಅಲ್ಲಿಯೇ ಇದ್ದಿರಬೇಕು. ಮುಂದಿನ ಮೀಟು ಬಂದು ಅದರ ತಲೆಯ ಮೇಲೆ ಕುಳಿತುಬಿಡುತ್ತಿತ್ತು. ಒಂದು ಸಂಜೆ ಹೆಂಡತಿ ಸೊಪ್ಪು ಬಿಡಿಸುತ್ತಾ ಬಾಗಿಲ ಬಳಿ ಕುಳಿತಿದ್ದವಳು, “ಈಗ ನೀವು ನುಡಿಸೋದು ಕೇಳೋ ಹಾಗಿದೆ ನೋಡಿ. ಮುಂಚೆ ನೋಟು ಎಣಿಸಿದ ಹಾಗಿರ್ತಿತ್ತು” ಎಂದಳು. ನಲವತ್ತು ವರ್ಷ ಈ ಅಭಿಪ್ರಾಯವನ್ನು ಆಕೆ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ!

ಹಾಗೆಂದು ಎಲ್ಲವೂ ಒಳಿತಿಗೇ ಆಯಿತೆಂದು ನಾನು ಹೇಳಲಾರೆ. ತಾನ ಹೋಯಿತು. ಬೆಳಗಿನ ಜಾವ ಎಚ್ಚರವಾದಾಗ ಇಂದಿಗೂ ಆರಭಿಯ ತಾನ ತಲೆಯೊಳಗೆ ತಾನಾಗಿ ಓಡುತ್ತಿರುತ್ತದೆ. ಹೊದಿಕೆಯ ಕೆಳಗೆ ಬೆರಳು ಅದಕ್ಕೆ ತಕ್ಕಂತೆ ಆಡುವುದೂ ಉಂಟು. ಎದ್ದು ವೀಣೆಯ ಹತ್ತಿರ ಹೋಗುವುದಿಲ್ಲ. ಹೋದರೆ ಏನಾಗುವುದೆಂದು ಗೊತ್ತಿದೆ. ಇನ್ನೊಂದು ಚುಚ್ಚುವ ನೆನಪೂ ಇದೆ. ಬಹಳ ವರ್ಷದ ಹಿಂದೆ ನನ್ನಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗನ ಬೆರಳು ಜಂಟಿವರಸೆಯಲ್ಲಿ ಹೀಗೆಯೇ ಮಡಿಚುತ್ತಿತ್ತು. ಸೋಮಾರಿತನವೆಂದು ಬೈದು, ದಿನಕ್ಕೆ ಇನ್ನೂರು ಸಲ ನುಡಿಸಿಕೊಂಡು ಬಾ ಎಂದಿದ್ದೆ. ನುಡಿಸಿಕೊಂಡು ಬಂದ, ಇನ್ನೂ ಕೆಟ್ಟಿತು, ಮತ್ತೆ ಬೈದೆ, ಬರುವುದನ್ನು ಬಿಟ್ಟ. ಅವನದೂ ಇದೇ ಆಗಿತ್ತೋ, ಅಥವಾ ನಿಜವಾಗಿ ಸೋಮಾರಿಯೋ ನಾನರಿಯೆ. ಈಚೆಗೆ ಒಂದು ಮದುವೆಯಲ್ಲಿ ಅವನ ತಾಯಿ ಸಿಕ್ಕರು. ವೀಣೆಯನ್ನು ಆಗಲೇ ಮಾರಿಬಿಟ್ಟೆವು ಎಂದರು. ಅವನ ಫೋನ್ ನಂಬರು ಕೇಳಿ ಬರೆದುಕೊಂಡೆ. ಇನ್ನೂ ಮಾತಾಡಿಲ್ಲ.

ಈ ವರ್ಷದ ರಾಮನವಮಿಗೆ ಭಜನಮಂದಿರದಲ್ಲಿ ಅರ್ಧ ಗಂಟೆ ನುಡಿಸಿದೆ. ವರ್ಣವಿಲ್ಲ, ತಾನವಿಲ್ಲ, ನಿಧಾನದ ಎರಡು ಕೃತಿ. ಮೃದಂಗದ ಗೆಳೆಯರಿಗೆ ಮೊದಲೇ ಎಲ್ಲ ಹೇಳಿದ್ದೆ. “ನಿಮಗೆ ಇದು ಈಗ ತಿಳಿಯಿತೇ ರಾಯರೇ? ನಮಗೆ 2018ರಲ್ಲೇ ತಿಳಿದಿತ್ತು” ಎಂದರು ಅವರು. ತಾನ ಕೇಳಿದ್ದ ಆ ಮುದುಕರು ಮುಂದಿನ ಸಾಲಿನಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರಂತೆ.

ಶಿಷ್ಯರು ಮತ್ತೆ ಬರುತ್ತಿದ್ದಾರೆ. ಕಳೆದ ಶುಕ್ರವಾರ ಹನ್ನೊಂದು ವರ್ಷದ ಹುಡುಗಿಯೊಬ್ಬಳ ವೀಣೆಗೆ ಶ್ರುತಿ ಮಾಡಿಕೊಡುತ್ತಿದ್ದೆ. ಒಳಗಿನಿಂದ ಹೆಂಡತಿ ಗ್ಯಾಸಿನವನು ಬಂದಿದ್ದನೇ ಎಂದು ಕೇಳಿದಳು. ಬೆಳಗ್ಗೆಯೇ ಬಂದು ಹೋದನೆಂದೂ, ಚೀಟಿ ಗಡಿಯಾರದ ಹಿಂದೆ ಇದೆಯೆಂದೂ ಹೇಳುತ್ತಾ, ಎಡಗೈಯಲ್ಲಿ ಬಿರಡೆ ತಿರುಗಿಸುತ್ತಾ ಪಂಚಮವನ್ನು ಮೀಟುತ್ತಿದ್ದೆ. ಹುಡುಗಿ ಇದ್ದಕ್ಕಿದ್ದಂತೆ, “ಸಾರ್, ನಿಮ್ಮ ಬೆರಳು!” ಎಂದಳು.

ನೋಡಿದೆ. ನಡುಬೆರಳು ನೀಟಾಗಿ ಚಾಚಿಕೊಂಡು, ತೋರುಬೆರಳಿನ ಸರದಿ ಮುಗಿದೊಡನೆ ತಾನು ಮೀಟುತ್ತಿತ್ತು. ಯಾವ ಕಾಲದ ಜಗಳವೂ ಇಲ್ಲವೆಂಬಂತೆ. ನಾನು ನೋಡಿದ್ದೇ ತಡ, ಮಡಿಚಿಕೊಂಡು ಒಳಗೆ ಹೋಯಿತು.

“ನೀನು ನೋಡಬಾರದಾಗಿತ್ತು ಮಗು” ಎಂದೆ.

“ನಾನು ಆಗಿನಿಂದ ನೋಡ್ತಾನೇ ಇದ್ದೆ ಸಾರ್. ನೀವು ನೋಡಿದ ಮೇಲೇ ಅದು ಒಳಗೆ ಹೋಗಿದ್ದು” ಎಂದಳು ಅವಳು.

ವೀಣೆಯನ್ನು ಅವಳ ಕಡೆಗೆ ತಿರುಗಿಸಿಕೊಟ್ಟು, ಎರಡನೆಯ ಕಾಲದಲ್ಲಿ ಶುರುಮಾಡು ಎಂದೆ.